ಹಿಂದಕ್ಕೆ ನಡೆಯುವವರ ಓಣಿ

ಊರಿನವರು ನಮ್ಮನ್ನು ಏಡಿಗಳು ಎಂದು ಕರೆಯುತ್ತಿದ್ದರು. ನಾವು ಹಿಂದಕ್ಕೆ ನಡೆಯುತ್ತೇವಲ್ಲ, ಅದಕ್ಕೆ. ಏಡಿ ನಡೆಯುವುದು ಅಡ್ಡಡ್ಡ, ಹಿಂದಕ್ಕಲ್ಲ. ಇನ್ನೊಬ್ಬರನ್ನು ಆಡಿಕೊಳ್ಳುವುದಕ್ಕೂ ಒಂದಿಷ್ಟು ತಿಳಿವಳಿಕೆ ಬೇಕು. ಅದು ಈ ಊರಿಗೆ ಮೊದಲಿನಿಂದಲೂ ತುಸು ಕಡಿಮೆ. ಅವರ ಹಡಗುಗಳೆಲ್ಲ ನಮ್ಮ ಹಗ್ಗಕ್ಕೆ ಕಟ್ಟಿಕೊಂಡು ನಿಂತಿದ್ದವು. ಆ ಹಗ್ಗ ಇಲ್ಲದಿದ್ದರೆ ಒಂದೊಂದು ಹಡಗೂ ಒಂದೊಂದು ದಿಕ್ಕು ಹಿಡಿದು ಹೋಗುತ್ತಿತ್ತು. ಆದರೂ ನಾವು ಏಡಿಗಳು. ಇರಲಿ.

ನಾನು ಹಗ್ಗದ ಓಣಿಯಲ್ಲೇ ಹುಟ್ಟಿದವಳು, ಇಲ್ಲೇ ಮದುವೆಯಾದವಳು, ಇಲ್ಲೇ ತಲೆ ನರೆತವಳು. ಎಳೆ ತೆಗೆಯುವುದರಲ್ಲಿ ನನ್ನನ್ನು ಮೀರಿಸುವವರು ಈ ಓಣಿಯಲ್ಲಿ ಯಾವತ್ತೂ ಇರಲಿಲ್ಲ. ಜಂಬ ಎಂದುಕೊಂಡರೆ ಎಂದುಕೊಳ್ಳಿ. ಬೇಕಾದರೆ ನಮ್ಮ ಮನೆಯವರನ್ನು ಕೇಳಿ. ಅವರು ನನಗೆ ಹೆದರಿ ಹೌದೆನ್ನುತ್ತಾರೆ, ಆದರೆ ಮಾತು ನಿಜ.

ಎಳೆ ತೆಗೆಯುವುದೆಂದರೆ ಹೀಗೆ. ಮೊಳೆಯ ಹಣಿಗೆಯಲ್ಲಿ ಬಾಚಿದ ನಾರನ್ನು ಸೊಂಟಕ್ಕೆ ದಪ್ಪಗೆ ಸುತ್ತಿಕೊಳ್ಳಬೇಕು. ಅದರಿಂದ ಒಂದು ಚಿಟಿಕೆ ಎಳೆದು ರಾಟೆಯ ಕೊಕ್ಕೆಗೆ ಸಿಕ್ಕಿಸಬೇಕು. ಒಬ್ಬರು ರಾಟೆ ತಿರುಗಿಸುತ್ತಾರೆ, ಇನ್ನೊಬ್ಬರು ಸೊಂಟದಿಂದ ನಾರು ಬಿಡುತ್ತಾ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾರೆ. ನಡುವೆ ಎಳೆ ಹುಟ್ಟುತ್ತಾ ಹೋಗುತ್ತದೆ. ಕಣ್ಣು ಬೆರಳಿನ ಮೇಲೆಯೇ ಇರಬೇಕು. ಕತ್ತು ತಿರುಗಿಸಿ ಹಿಂದೆ ನೋಡಿದಿರೋ, ಅಲ್ಲಿ ಎಳೆ ಗಂಟಾಯಿತು, ಇಲ್ಲವೇ ತೆಳ್ಳಗಾಯಿತು. ನಾಳೆ ಹಗ್ಗ ಹರಿಯುವುದು ಅಲ್ಲೇ. ಇಂಥ ಎಳೆಗಳನ್ನು ಕೂಡಿಸಿ ಹೊಸೆದರೆ ಹಗ್ಗ. ಓಣಿ ಎಷ್ಟು ಉದ್ದವೋ ಎಳೆಯೂ ಅಷ್ಟೇ ಉದ್ದ. ಅದಕ್ಕೇ ನಮ್ಮ ಹಿರಿಯರು ಗಂಟುಮೂಟೆ ಹೊತ್ತು ಈ ದಡದಲ್ಲಿ ಇಳಿದಾಗ ಮೊದಲು ಅಳೆದದ್ದು ಮನೆಗಳಿಗೆ ಜಾಗವನ್ನಲ್ಲ, ಓಣಿಯನ್ನು. ಬಂದರಿನ ಬೇಲಿಯಿಂದ ಗುಡ್ಡದ ಬುಡದವರೆಗೆ, ದಾರ ಹಿಡಿದ ಹಾಗೆ ನೆಟ್ಟಗೆ. ಮನೆಗಳು ಆಮೇಲೆ ಅದರ ಅಕ್ಕಪಕ್ಕ ಅಂಟಿಕೊಂಡವು.

ಹಿಂದೆ ನೋಡದೆ ಅಷ್ಟು ದೂರ ನಡೆಯುವುದು ಹೇಗೆ ಎಂದು ಹೊರಗಿನವರು ಕೇಳುತ್ತಾರೆ. ಉತ್ತರ ಸುಲಭ. ಓಣಿಯಲ್ಲಿ ಯಾರೂ ಏನನ್ನೂ ಇಡುತ್ತಿರಲಿಲ್ಲ. ಬಾಗಿಲುಗಳೆಲ್ಲ ಒಳಕ್ಕೆ ತೆರೆಯುತ್ತಿದ್ದವು. ಮೆಟ್ಟಿಲು ಮನೆಯ ಒಳಗೆ, ಚಪ್ಪಲಿ ಮನೆಯ ಒಳಗೆ, ಮಗುವಿನ ಆಟದ ಚೆಂಡೂ ಮನೆಯ ಒಳಗೆ. ಅಪ್ಪಿತಪ್ಪಿ ಏನಾದರೂ ಅಡ್ಡ ಬಂದರೆ ಕಂಡವರು ಕೂಗಬೇಕು. ಯಾರ ಮನೆಯವರು, ನಿನ್ನೆ ಯಾರ ಜೊತೆ ಜಗಳವಾಡಿದ್ದರು ಎಂಬುದೆಲ್ಲ ಆಮೇಲೆ. ನನ್ನ ಅಮ್ಮ ಮತ್ತು ಎದುರುಮನೆಯವಳು ಒಬ್ಬರ ಮುಖ ಒಬ್ಬರು ನೋಡದಿದ್ದ ಕಾಲದಲ್ಲೂ "ನಾಯಿ ಮಲಗಿದೆ, ಬಲಕ್ಕೆ ಸರಿ" ಎಂದು ಕೂಗಿ, ಆಮೇಲೆ ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಿದ್ದರು.

ಓಣಿಯ ಕೊನೆಯಲ್ಲಿ ಒಬ್ಬರು ನಿಂತಿರುತ್ತಿದ್ದರು. ನಡೆಯುವವರು ಹತ್ತಿರ ಬಂದಾಗ ಅವರ ಬೆನ್ನಿಗೆ ಅಂಗೈ ಇಡುವುದು ಅವರ ಕೆಲಸ. ಅಂಗೈ ತಗುಲಿದರೆ ದಾರಿ ಮುಗಿಯಿತು ಎಂದರ್ಥ. ಆಮೇಲೆ ಅಂಗೈ ಇಟ್ಟವರು ರಾಟೆಯವರಿಗೆ ಕೇಳಿಸುವಂತೆ ಕೂಗಬೇಕು. ನನ್ನ ಬೆನ್ನಿಗೆ ಅಂಗೈ ಇಡುತ್ತಿದ್ದವನು ನನ್ನ ತಮ್ಮ. ಪುಟ್ಟ ಕೈ, ಯಾವಾಗಲೂ ಏನಾದರೂ ತಿಂದು ಅಂಟಂಟು. ನನ್ನ ಸೊಂಟದ ಎತ್ತರಕ್ಕೆ ಬರುತ್ತಿದ್ದವನು ತುದಿಗಾಲ ಮೇಲೆ ನಿಗುರಿ ಬೆನ್ನು ಮುಟ್ಟಿ, ಇಡೀ ಓಣಿಗೆ ಕೇಳಿಸುವಂತೆ ಕಿರುಚುತ್ತಿದ್ದ: "ಅಕ್ಕ ಬಂದ್ಳು!" ಆ ತುದಿಯಲ್ಲಿ ಅಮ್ಮ ರಾಟೆ ನಿಲ್ಲಿಸುತ್ತಿದ್ದಳು.

ಆಗಿನ ಓಣಿಯನ್ನು ನೀವು ನೋಡಬೇಕಿತ್ತು. ಬಂದರಿನ ತುಂಬ ಹಡಗು, ಓಣಿಯ ತುಂಬ ರಾಟೆಯ ಸದ್ದು, ಎಲ್ಲೆಲ್ಲೂ ನಾರಿನ ಧೂಳು, ಹಗ್ಗಕ್ಕೆ ಬಳಿಯುವ ಡಾಂಬರಿನ ವಾಸನೆ. ಮಕ್ಕಳು ರಾಟೆ ನಿಂತರೆ ಎಚ್ಚರವಾಗಿ ಅಳುತ್ತಿದ್ದವು. ಒಬ್ಬರು ಬಂದು ನೆಲೆಯಾದರೆ ಅವರ ಹಿಂದೆ ಚಿಕ್ಕಪ್ಪ, ಅವನ ಹಿಂದೆ ಷಡ್ಡಕ, ಅವನ ಹಿಂದೆ ಅವನ ಊರಿನವರೆಲ್ಲ. ಎಳೆ ತೆಗೆಯುತ್ತಾ ಹೆಂಗಸರು ಸುದ್ದಿ ಹೇಳುತ್ತಿದ್ದರು. ಆದರೆ ನಡೆಯುತ್ತಲೇ ಹೇಳಬೇಕಲ್ಲ! ಸುದ್ದಿಯ ಶುರು ರಾಟೆಯ ಪಕ್ಕದ ಮನೆಗೆ, ಕೊನೆ ಗುಡ್ಡದ ಪಕ್ಕದ ಮನೆಗೆ, ನಡುವಿನವರಿಗೆ ನಡು ಮಾತ್ರ. ಯಾರೋ ಓಡಿಹೋದರು ಎಂದು ಒಂದು ಮನೆಗೆ ಗೊತ್ತು, ಯಾರ ಜೊತೆ ಎಂದು ಇನ್ನೊಂದು ಮನೆಗೆ ಗೊತ್ತು. ಸಂಜೆ ಎಲ್ಲರೂ ಸೇರಿ ಜೋಡಿಸಿಕೊಳ್ಳುವ ಹೊತ್ತಿಗೆ ಓಡಿಹೋದವರೇ ವಾಪಸು ಬಂದಿರುತ್ತಿದ್ದರು.

ಆಮೇಲೆ ಉಕ್ಕಿನ ತಂತಿ ಬಂತು, ಅದರ ಹಿಂದೆ ನೈಲಾನ್ ಬಂತು. ಕೊಳೆಯುವುದಿಲ್ಲ, ತೂಕವಿಲ್ಲ, ಅಗ್ಗ. ಹಡಗಿನವರು ಒಬ್ಬೊಬ್ಬರಾಗಿ ನಮ್ಮ ಕಡೆ ಬರುವುದನ್ನು ಬಿಟ್ಟರು. ಗಂಡಸರು ಬಂದರಿನಲ್ಲಿ ಕ್ರೇನ್ ಓಡಿಸಲು ಕಲಿತರು, ಹುಡುಗಿಯರು ಪೇಟೆಯ ಅಂಗಡಿಗಳಲ್ಲಿ ಕೆಲಸ ಹಿಡಿದರು. ಯಾರನ್ನೂ ಬೈಯಲಾರೆ, ಹೊಟ್ಟೆ ಕೇಳುತ್ತದೆಯೇ? ಆದರೆ ಓಣಿ ಸತ್ತದ್ದು ರಾಟೆ ನಿಂತ ದಿನವಲ್ಲ ಎಂದು ನನ್ನ ಲೆಕ್ಕ. ಗುಡ್ಡದ ಕಡೆಯ ಮನೆಯವಳು ತನ್ನ ಬಾಗಿಲ ಮುಂದೆ, ಓಣಿಯಲ್ಲಿ, ಒಂದು ಹೂಕುಂಡ ಇಟ್ಟಳಲ್ಲ, ಆ ದಿನ. ಚೆಂದದ ಹೂವೇ. ಒಳಗೆ ಎತ್ತಿಡು ಎಂದೆ. "ಈಗ ಯಾರು ನಡೀತಾರೆ ಅಕ್ಕಾ?" ಎಂದಳು. ಮುಂದಿನ ವಾರ ಇನ್ನೊಬ್ಬರ ಸೈಕಲ್ಲು, ಅದರ ಮುಂದಿನ ವಾರ ಬಟ್ಟೆ ಒಣಗಿಸುವ ಹಗ್ಗ. ಅದೂ ನೈಲಾನಿನದು, ಹಗ್ಗದ ಓಣಿಯಲ್ಲಿ!

ಆ ನೈಲಾನ್ ಮಾರಿದವನು ಯಾರು ಎಂದುಕೊಂಡಿರಿ? ನನ್ನ ತಮ್ಮ.

ಅವನು ವ್ಯಾಪಾರಕ್ಕಿಳಿದಾಗ ನಾನು ಕಿರುಚಾಡಲಿಲ್ಲ. ಎರಡು ದಿನ ಮಾತ್ರ ಕಿರುಚಾಡಿದೆ, ಅಷ್ಟೇ. "ಅಕ್ಕಾ, ನಾನು ಮಾರದಿದ್ರೆ ಬೇರೆಯವರು ಮಾರ್ತಾರೆ" ಎಂದ. ಅದು ಸರಿಯೇ ಇತ್ತು, ಸರಿಯಾದ ಮಾತು ಕೇಳಿದರೆ ನನಗೆ ಇನ್ನೂ ಸಿಟ್ಟು. ಆದರೂ ಊಟಕ್ಕೆ ಬರುತ್ತಿದ್ದ, ಹೋಗುತ್ತಿದ್ದ. ಕೆಟ್ಟದ್ದು ಆಮೇಲೆ. ಮಗಳ ಬಾಣಂತನಕ್ಕೆಂದು ನಾನೂ ನಮ್ಮ ಮನೆಯವರೂ ಬೇರೆ ಊರಿಗೆ ಹೋಗಿದ್ದೆವು. ಆಗ ಓಣಿಯಲ್ಲಿ ಎಳೆ ತೆಗೆಯುತ್ತಿದ್ದವಳು ನಾನೊಬ್ಬಳೇ. ಬರುತ್ತಿದ್ದದ್ದೂ ಸಣ್ಣಪುಟ್ಟ ಕೆಲಸ, ಬಾವಿಯ ಹಗ್ಗ, ಉಯ್ಯಾಲೆಯ ಹಗ್ಗ; ಅರ್ಧ ಓಣಿ ಸಾಕಾಗುತ್ತಿತ್ತು. ಇನ್ನರ್ಧ ಅಕ್ಕನಿಗೆ ಬೇಡ ಎಂದು ತಮ್ಮ ತಾನೇ ತೀರ್ಮಾನಿಸಿ, ಓಣಿಯ ನಟ್ಟನಡುವೆ ಅಡ್ಡಲಾಗಿ ಅಂಗಡಿ ಕಟ್ಟಿಸತೊಡಗಿದ.

ನಾವು ಸಂಜೆ ವಾಪಸು ಬಂದೆವು. ನಮ್ಮ ಮನೆ ರಾಟೆಯ ಪಕ್ಕದಲ್ಲೇ, ಓಣಿಯ ಬಾಯಲ್ಲಿ. ನಡುವಿನವರೆಗೆ ಹೋಗುವ ಕೆಲಸ ಬೀಳಲಿಲ್ಲ. ಬೆಳಗ್ಗೆ ಎದ್ದವಳೇ, ಮೊಮ್ಮಗುವನ್ನು ನೋಡಿ ಬಂದ ಖುಷಿಗೆ, ಈ ದಿನ ಪೂರ್ತಿ ಓಣಿ ನಡೆಯುತ್ತೇನೆ ಎಂದೆ. ನಾರು ಸುತ್ತಿಕೊಂಡೆ. ನಮ್ಮ ಮನೆಯವರು ರಾಟೆ ತಿರುಗಿಸಿದರು. ಅವರ ಕಣ್ಣಿಗೆ ಕನ್ನಡಕ ಹಾಕಿದರೂ ಕೊಕ್ಕೆಯಿಂದ ಆಚೆಗೆ ಕಾಣುವುದಿಲ್ಲ. ನಾನು ಹಾಡಿಕೊಳ್ಳುತ್ತಾ ಹಿಂದಕ್ಕೆ ನಡೆದೆ. ಬೆನ್ನಿಗೆ ಬಂದು ಬಡಿದದ್ದು ಎದೆಯೆತ್ತರದ ಇಟ್ಟಿಗೆ ಗೋಡೆ.

ಬಿದ್ದೆ, ಮಣಿಕಟ್ಟು ಮುರಿಯಿತು. ಅದೇನೂ ದೊಡ್ಡದಲ್ಲ, ಮೂಳೆ ಕೂಡಿಕೊಳ್ಳುತ್ತದೆ. ಬಿದ್ದಲ್ಲಿಂದ ತಲೆಯೆತ್ತಿ ನೋಡಿದರೆ ಗಾರೆಯವನ ಪಕ್ಕದಲ್ಲಿ ತಮ್ಮ ನಿಂತಿದ್ದ. ಅಷ್ಟು ಹೊತ್ತೂ ಅಲ್ಲೇ ನಿಂತಿದ್ದ. ನಾನು ಬರುವುದನ್ನು ನೋಡುತ್ತಲೇ ಇದ್ದ. ಅವನ ಬಾಯಿಂದ ಒಂದು ಕೂಗು ಹೊರಡಲಿಲ್ಲ.

ಅಂದಿನಿಂದ ನಾನು ಅವನ ಜೊತೆ ಮಾತು ಬಿಟ್ಟೆ. ಹಟ ಎಂದರೆ ಹಟ. ಅಂಗಡಿ ಎದ್ದಿತು, ಬಣ್ಣ ಬಣ್ಣದ ನೈಲಾನ್ ಸುರುಳಿಗಳು ತೂಗಿದವು, ನಾನು ಒಂದು ದಿನವೂ ಅದರ ಹೊಸ್ತಿಲು ತುಳಿಯಲಿಲ್ಲ. ಹೇಳುವುದೇನಾದರೂ ಇದ್ದರೆ ನಮ್ಮ ಮನೆಯವರ ಕೈಲಿ ಹೇಳಿ ಕಳಿಸುತ್ತಿದ್ದೆ. "ನಿಮ್ಮಿಬ್ಬರ ಮಧ್ಯೆ ನಾನು ಹಗ್ಗ ಆಗ್ಬಿಟ್ಟೆ ಕಣೇ. ಆ ಕಡೆಯಿಂದ ಅವನು ಎಳೀತಾನೆ, ಈ ಕಡೆಯಿಂದ ನೀನು" ಎಂದು ಅವರು ಗೊಣಗುತ್ತಿದ್ದರು. "ನಾನು ಹೊಸೆದ ಹಗ್ಗ, ಹರಿಯಲ್ಲ ಬಿಡಿ" ಎನ್ನುತ್ತಿದ್ದೆ. ಹೊರಗಿನವರು ಏಡಿ ಎಂದರೆ ನನಗೆ ಏನೂ ಅನಿಸುವುದಿಲ್ಲ. ನನ್ನ ಬೆನ್ನಿಗೆ ಅಂಗೈ ಇಟ್ಟವನೇ ಬಾಯಿ ಮುಚ್ಚಿಕೊಂಡು ನಿಂತಿದ್ದನಲ್ಲ, ಅದನ್ನು ನನ್ನಿಂದ ನುಂಗಿಕೊಳ್ಳಲು ಆಗಲಿಲ್ಲ.

ಹೀಗಿರುವಾಗ ಬಂದರು ಕಚೇರಿಯಿಂದ ಒಬ್ಬಳು ಅಧಿಕಾರಿ ಬಂದಳು. ನನ್ನ ಮಗಳ ವಯಸ್ಸು, ಒಳ್ಳೆಯ ಮಾತು. ಓಣಿಯ ಬಾಯಲ್ಲಿರುವ ಕಲ್ಲಿನ ಮುಂದೆ ನಿಂತಳು. ಆ ಕಲ್ಲು ನಮ್ಮ ಹಿರಿಯರ ಕಾಲದ್ದು. ಈ ತುದಿಯಿಂದ ಆ ತುದಿಯವರೆಗೆ ಹಗ್ಗ ಹೊಸೆಯುತ್ತಿರುವಷ್ಟು ಕಾಲ ಈ ನೆಲ ಇಲ್ಲಿನವರದು ಎಂದು ಅದರಲ್ಲಿ ಕೆತ್ತಿದೆ. ಚಿಕ್ಕಂದಿನಲ್ಲಿ ನಾವು ಅದರ ಮೇಲೆ ಕೂತು ಕಾಲು ಆಡಿಸುತ್ತಿದ್ದೆವು, ಓದಿದವರು ಯಾರು?

"ಅಮ್ಮಾ, ಈ ತುದಿಯಿಂದ ಆ ತುದಿಗೆ ಈಗ ಹಗ್ಗ ಹೋಗುತ್ತಾ?" ಎಂದಳು.

"ಯಾಕೆ ಹೋಗಲ್ಲ?" ಎಂದೆ.

ಅವಳು ಓಣಿಯ ನಡುವಿನ ಅಂಗಡಿಯ ಕಡೆ ನೋಡಿದಳು. ನಾನೂ ನೋಡಿದೆ. ಬಂದರಿಗೆ ಗೋದಾಮು ಕಟ್ಟಲು ಜಾಗ ಬೇಕಾಗಿದೆ, ಹಗ್ಗದ ಕೆಲಸ ನಿಂತಿದ್ದರೆ ಮನೆಗಳನ್ನು ಬಿಡಬೇಕಾಗುತ್ತದೆ, ಬೇರೆ ಕಡೆ ವ್ಯವಸ್ಥೆ ಮಾಡುತ್ತೇವೆ ಎಂದಳು. ಓಣಿಯಲ್ಲಿ ಇನ್ನೂ ಉಳಿದಿದ್ದ ಮನೆಗಳವರೆಲ್ಲ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಹೂಕುಂಡದವಳ ಮುಖ ಬಾಡಿಹೋಗಿತ್ತು.

ನನ್ನ ಬಾಯಿ ಸುಮ್ಮನಿರುತ್ತದೆಯೇ? "ಮುಂದಿನ ಸೋಮವಾರ ಬೆಳಗ್ಗೆ ಬಂದು ನೋಡಮ್ಮ. ಹಾಯಿ ಹಡಗಿಗೆ ಹಗ್ಗ ತೆಗೀತಿದ್ದೀವಿ, ಪೂರ್ತಿ ಓಣಿಯದ್ದು" ಎಂದೆ.

ಪೂರ್ತಿ ಸುಳ್ಳೇನೂ ಅಲ್ಲ. ಬಂದರಿನಲ್ಲಿ ಒಂದು ಹಳೆಯ ಹಾಯಿ ಹಡಗನ್ನು ರಿಪೇರಿ ಮಾಡುತ್ತಿದ್ದರು. ಅದರ ಮೇಸ್ತ್ರಿ ಹಿಂದಿನ ತಿಂಗಳು ಬಂದು, ನಾರಿನದೇ ಹಗ್ಗ ಬೇಕು, ನಡುವೆ ಜೋಡಣೆ ಇರಬಾರದು, ಒಂದೇ ಉದ್ದಕ್ಕೆ ಇರಬೇಕು ಎಂದು ಕೇಳಿದ್ದ. ಪೂರ್ತಿ ಓಣಿ ಬೇಕು, ಗೋಡೆ ಅಡ್ಡ ಇದೆ ಎಂದು ನಾನೇ ಆಗುವುದಿಲ್ಲವೆಂದಿದ್ದೆ. ಅಧಿಕಾರಿ ಅತ್ತ ಹೋಗುತ್ತಲೇ ನಮ್ಮ ಮನೆಯವರನ್ನು ಮೇಸ್ತ್ರಿಯ ಹತ್ತಿರ ಓಡಿಸಿದೆ. ಮೇಸ್ತ್ರಿ ಒಪ್ಪಿದ ಎಂದು ಬಂದವರನ್ನು ತಮ್ಮನ ಹತ್ತಿರ ಓಡಿಸಿದೆ.

"ಏನಂತ ಹೇಳ್ಲಿ? ಅಂಗಡಿ ಒಡಿ ಅನ್ಲಾ?" ಎಂದರು.

"ಏನೂ ಕೇಳ್ಬೇಡಿ. ಸೋಮವಾರ ಬೆಳಗ್ಗೆ ಅಕ್ಕ ಎಳೆ ತೆಗೀತಾಳೆ, ಪೂರ್ತಿ ನಡೀತಾಳೆ, ಹಿಂದೆ ತಿರುಗಿ ನೋಡಲ್ಲ. ಅಷ್ಟು ಹೇಳಿ ಬನ್ನಿ."

"ಹುಚ್ಚಾ ನಿನಗೆ? ಇನ್ನೊಂದು ಕೈನೂ ಮುರ್ಕೋತೀಯಾ?"

"ನನ್ನ ಕೈ, ನಾನು ಮುರ್ಕೋತೀನಿ."

ಹೋಗಿ ಹೇಳಿ ಬಂದರು. ತಮ್ಮ ಏನೆಂದ ಎಂದು ಕೇಳಿದೆ. ಸುರುಳಿಗಳ ಧೂಳು ಒರೆಸುತ್ತಾ ಕೇಳಿಸಿಕೊಂಡನಂತೆ, ಅಷ್ಟೇ. ಪೇಟೆಯ ಹೊಸ ಮಾರುಕಟ್ಟೆಯಲ್ಲಿ ಅವನಿಗೆ ಒಂದು ಮಳಿಗೆ ಗೊತ್ತಾಗಿದೆ ಎಂಬ ಸುದ್ದಿಯನ್ನೂ ತಂದರು. ಓಣಿ ಹೋದರೆ ಅವನಿಗೇನು? ಅವನು ಅಲ್ಲಿಗೆ ಹೋಗುತ್ತಾನೆ. ಸೋಮವಾರದವರೆಗಿನ ಎರಡು ದಿನ ಅಂಗಡಿಯ ಕಡೆಯಿಂದ ಧಡ್ ಧಡ್ ಎಂದು ಸದ್ದು ಬರುತ್ತಿತ್ತು. ಸಾಮಾನು ಕಟ್ಟುತ್ತಿದ್ದಾನೆ ಎಂದುಕೊಂಡೆ. ನೋಡಲು ಹೋಗಲಿಲ್ಲ. ನನಗೆ ಬೇಕಾಗಿದ್ದದ್ದು ಅವನ ಅಂಗಡಿ ಒಡೆಯುವುದಲ್ಲ. ಅವನ ಬಾಯಿಂದ ಒಂದು ಕೂಗು.

ಸೋಮವಾರ ಅಧಿಕಾರಿ ಹೇಳಿದ ಹೊತ್ತಿಗೆ ಬಂದು ರಾಟೆಯ ಪಕ್ಕ ನಿಂತಳು. ನಾನು ನಾರು ಸುತ್ತಿಕೊಂಡೆ. ಯಾರಿಗೂ ಕಾಣದಂತೆ ಬೆರಳನ್ನು ಸೆರಗಿಗೆ ಒರೆಸಿ, ಚಿಟಿಕೆ ನಾರನ್ನು ಕೊಕ್ಕೆಗೆ ಸಿಕ್ಕಿಸಿದೆ. ನಮ್ಮ ಮನೆಯವರು ಒಂದು ಸಲ ನನ್ನ ಮುಖ ನೋಡಿ ರಾಟೆ ತಿರುಗಿಸಿದರು.

ನಡೆದೆ. ಬೆರಳಿನ ನಡುವೆ ಎಳೆ ಹುಟ್ಟತೊಡಗಿತು. ರಾಟೆ ಚಿಕ್ಕದಾಯಿತು, ಅಧಿಕಾರಿ ಚಿಕ್ಕವಳಾದಳು. ನಮ್ಮ ಮನೆ ದಾಟಿತು, ಬಡಗಿಯ ಮನೆ ದಾಟಿತು, ಬೀಗ ಹಾಕಿದ ಮನೆಗಳು ದಾಟಿದವು. ಹಿಂದೆ ಗೋಡೆ ಹತ್ತಿರವಾಗುತ್ತಿದೆ ಎಂದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ನಿಜ ಹೇಳುತ್ತೇನೆ, ಹೆದರಿಕೆಯಾಯಿತು. ನಿಂತುಬಿಡಲೇ ಎನಿಸಿತು. ನಿಂತರೆ ಎಳೆ ಹೋಯಿತು, ಎಳೆ ಹೋದರೆ ಓಣಿ ಹೋಯಿತು. ಕತ್ತನ್ನು ಗಟ್ಟಿಯಾಗಿ ಹಿಡಿದು ಕಾಲು ಹಿಂದಕ್ಕಿಟ್ಟೆ.

"ಹೊಸ್ತಿಲಿದೆ ಅಕ್ಕಾ. ಕಾಲೆತ್ತು."

ತಮ್ಮನ ದನಿ. ಹಿಂದಿನಿಂದ, ತೀರಾ ಹತ್ತಿರದಿಂದ.

ಕಾಲೆತ್ತಿದೆ. ಅಂಗಡಿಯ ಮುಂಬಾಗಿಲ ಚೌಕಟ್ಟು ನನ್ನ ಎರಡೂ ಪಕ್ಕಕ್ಕೆ ಬಂದು, ಆಮೇಲೆ ಕಣ್ಣೆದುರಿಗೆ ಬಂತು. ತಲೆಯ ಮೇಲೆ ನೆರಳು. "ಎಡಕ್ಕೆ ಮೇಜಿದೆ, ನೆಟ್ಟಗೆ ಬಾ. ಹಾಂ, ಹಾಗೇ. ಇನ್ನೂ ಬಾ." ಹಸಿರು, ಕೆಂಪು, ನೀಲಿ ಸುರುಳಿಗಳು ಎರಡೂ ಬದಿಯಿಂದ ಒಂದೊಂದಾಗಿ ನನ್ನ ಮುಂದಕ್ಕೆ ಸರಿದವು. ಅಷ್ಟು ವರ್ಷ ಕಾಲಿಡದ ಅಂಗಡಿಯನ್ನು ನಾನು ಹಿಂದುಮುಂದಾಗಿ ನೋಡಿದೆ, ಒಳಗೆ ಹೋಗಿ ಆದಮೇಲೆ. "ಇಲ್ಲಿ ಇಟ್ಟಿಗೆ ಚೂರಿದೆ, ಮೆಲ್ಲಗೆ." ಬೆಳಕು ಬಂತು. ಹಿಂಗೋಡೆಯ ನಡುವೆ ಆಳೆತ್ತರದ ಕಿಂಡಿ, ಸುತ್ತ ಹಲ್ಲು ಕಿರಿದ, ಹೊಸದಾಗಿ ಒಡೆದ ಇಟ್ಟಿಗೆ. ಅದರೊಳಗಿಂದ ನನ್ನ ಎಳೆ ನೆಟ್ಟಗೆ ಹೋಗಿ, ಅಂಗಡಿ ದಾಟಿ, ಮುಂಬಾಗಿಲು ದಾಟಿ, ದೂರದ ರಾಟೆ ಸೇರಿತ್ತು.

ಮುಂದೆ ಏನಾಯಿತು ಎಂದು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳುವ ಮನಸ್ಸಿರುವುದಿಲ್ಲ. ಹಗ್ಗವಾಯಿತು. ಹಡಗು ಅದನ್ನು ಕಟ್ಟಿಕೊಂಡು ಹೋಯಿತು. ಅಧಿಕಾರಿ ಎರಡೂ ತುದಿಯಲ್ಲಿ ನಿಂತು ನೋಡಿ, ಕಲ್ಲಿನ ಮಾತು ಕಲ್ಲಿನ ಮಾತೇ ಎಂದು ಹೇಳಿ ಹೋದಳು. ನೆಲ ಉಳಿಯಿತು. ಹಳೆಯ ಕಾಲವೇನೂ ವಾಪಸು ಬರಲಿಲ್ಲ, ಬರುವುದೂ ಇಲ್ಲ. ಬೀಗ ಹಾಕಿದ ಮನೆಗಳು ಬೀಗ ಹಾಕಿಯೇ ಇವೆ. ವರ್ಷಕ್ಕೊಮ್ಮೆ ಯಾವುದೋ ಹಾಯಿ ಹಡಗಿನವರು ಬರುತ್ತಾರೆ, ಆ ವಾರ ಹೂಕುಂಡಗಳು ಒಳಗೆ ಹೋಗುತ್ತವೆ. ತಮ್ಮನ ಅಂಗಡಿಗೆ ಈಗ ಎರಡು ಬಾಗಿಲು. ಒಂದು ಬದಿಗೆ ಅವನ ನೈಲಾನ್, ಇನ್ನೊಂದು ಬದಿಗೆ ನನ್ನ ನಾರಿನ ಹಗ್ಗ. ಅವನದು ಹೆಚ್ಚು ಖರ್ಚಾಗುತ್ತದೆ, ನನ್ನದನ್ನು ಜನ ಮುಟ್ಟಿ ಮುಟ್ಟಿ ನೋಡುತ್ತಾರೆ.

ಆದರೆ ಆ ಸೋಮವಾರ ಓಣಿ ಇನ್ನೂ ಅರ್ಧ ಉಳಿದಿತ್ತು. ಅಂಗಡಿಯಿಂದ ಹೊರಗೆ ಬಂದಮೇಲೆ ಅವನು ನನ್ನ ಹಿಂದೆಯೇ ನಡೆಯುತ್ತಿದ್ದ. ಸೈಕಲ್ಲು ಎಳೆದ ಸದ್ದು, ಕುಂಡ ತಳ್ಳಿದ ಸದ್ದು, ಬಟ್ಟೆಯ ಹಗ್ಗ ಬಿಚ್ಚುವಾಗ ಅವನು ಗೊಣಗಿದ್ದು, ಎಲ್ಲ ಕೇಳಿಸುತ್ತಿತ್ತು. ಮುಖ ಮಾತ್ರ ಕಾಣುತ್ತಿರಲಿಲ್ಲ. ಅದಕ್ಕೇ ಇರಬೇಕು ಅವನಿಗೆ ಬಾಯಿ ಬಂದದ್ದು.

"ಅಕ್ಕಾ, ಅವತ್ತು ನೀನು ನಿಲ್ತೀಯ ಅಂದ್ಕೊಂಡೆ. ಗೋಡೆ ಕಂಡ್ರೆ ಯಾರಾದ್ರೂ ನಿಲ್ತಾರಲ್ಲ ಅಂತ. ನಾನು ಪೇಟೆ ಜನರ ಜೊತೆ ಇದ್ದೂ ಇದ್ದೂ... ನೀನು ಹಿಂದಕ್ಕೆ ನಡೀತೀಯ ಅನ್ನೋದೇ ಮರೆತುಹೋಗಿತ್ತು ಕಣೇ. ನೀನು ಬಿದ್ದಮೇಲೆ ನೆನಪಾಯ್ತು."

ಕಣ್ಣು ಬೆರಳಿನ ಮೇಲೆಯೇ ಇರಬೇಕಲ್ಲ. ಕಣ್ಣೇ ಮಂಜಾಗಿತ್ತು, ಬೆರಳು ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಇಷ್ಟು ವರ್ಷ ಅವನು ಬೇಕೆಂದೇ ಸುಮ್ಮನಿದ್ದ ಎಂದು ನಾನು ಉರಿದುಕೊಂಡಿದ್ದೆ. ಮರೆತಿದ್ದನಂತೆ. ಪೆದ್ದ ಮುಂಡೇದು, ಮರೆತಿದ್ದನಂತೆ!

ಸೊಂಟದ ನಾರು ತೆಳುವಾಗುತ್ತಾ ಬಂತು. ಕಾಲಿಗೆ ಗುಡ್ಡದ ಕಡೆಯ ಏರು ಸಿಕ್ಕಿತು. ಹಿಂದೆ ಅವನು ಓಡಿದ ಸದ್ದಾಯಿತು, ಆಮೇಲೆ ನಿಂತ. ಏದುಸಿರು ಬಿಡುತ್ತಿದ್ದ, ಅವನಿಗೂ ವಯಸ್ಸಾಗಿದೆ. ಇನ್ನೊಂದು ಹೆಜ್ಜೆ ಇಟ್ಟೆ. ಮತ್ತೊಂದು ಇಟ್ಟೆ.

ಬೆನ್ನಿಗೆ ಅಂಗೈ ತಗುಲಿತು. ದೊಡ್ಡ ಕೈ. ಇಟ್ಟಿಗೆ ಒಡೆದು ಬೊಬ್ಬೆ ಎದ್ದು ಒರಟಾದ ಕೈ.

ಇಬ್ಬರೂ ಹಾಗೇ ನಿಂತೆವು. ಅವನು ಕೈ ತೆಗೆಯಲಿಲ್ಲ, ನಾನು ತಿರುಗಲಿಲ್ಲ. ಆ ತುದಿಯಲ್ಲಿ ಏನೂ ಕಾಣದ ನಮ್ಮ ಮನೆಯವರು ರಾಟೆ ತಿರುಗಿಸುತ್ತಲೇ ಇದ್ದರು, ಎಳೆ ಹುರಿ ಹೆಚ್ಚಾಗಿ ಬೆರಳಲ್ಲಿ ಜುಮ್ಮೆನ್ನುತ್ತಿತ್ತು.

"ಏನೋ ನೋಡ್ತಾ ನಿಂತಿದ್ದೀಯ? ಕೂಗೋ!" ಎಂದೆ. ಅಷ್ಟು ವರ್ಷಗಳಲ್ಲಿ ನಾನು ಅವನಿಗೆ ಆಡಿದ ಮೊದಲ ಮಾತು ಅದು.

ಅವನು ಕೂಗಿದ. ಬಿಳಿ ಮೀಸೆಯ ಗಂಡಸು, ದನಿ ಎರಡು ಸೀಳಾಗಿ, ಓಣಿಯ ಈ ತುದಿಯಿಂದ ತನ್ನ ಅಂಗಡಿಯ ಕಿಂಡಿಯನ್ನು ದಾಟಿ ಆ ತುದಿಯವರೆಗೂ ಕೇಳಿಸುವಂತೆ ಕೂಗಿದ:

"ಭಾವಾ, ನಿಲ್ಸಿ! ಅಕ್ಕ ಬಂದ್ಳು!"